ಹಾಸು ಕೆಂಪು, ಹೊಕ್ಕು ಹಸಿರು

ಮೂವತ್ತೊಂದು ವರ್ಷ ನಾನು ಜನರಿಗೆ ಬಣ್ಣ ಹೊಂದಿಸಿ ಕೊಟ್ಟೆ. ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ ಇಳಿದು, ತರಕಾರಿಯವರ ಸಾಲು ದಾಟಿದರೆ ನಮ್ಮ ಮ್ಯಾಚಿಂಗ್ ಸೆಂಟರ್. ಸೀರೆ ಹಿಡಿದು ಬಂದವರಿಗೆ ಅದಕ್ಕೆ ಒಪ್ಪುವ ರವಿಕೆ ಬಟ್ಟೆ, ಫಾಲು, ಲಂಗದ ಬಟ್ಟೆ ಹುಡುಕಿ ಕೊಡುವುದು ಕೆಲಸ. ಇದೇನು ದೊಡ್ಡ ಕೆಲಸ ಎಂದು ನೆರೂಲಿನಲ್ಲಿ ಹೋಟೆಲ್ ಇಟ್ಟಿರುವ ನನ್ನ ಭಾವ ಮೊನ್ನೆಯೂ ಕೇಳಿದರು. ನಿಮ್ಮ ಸಾಂಬಾರು ಮೂರು ದಿನ ಒಂದೇ ಬಣ್ಣದಲ್ಲಿ ಇದ್ದದ್ದನ್ನು ನಾನು ನೋಡಿಲ್ಲ ಎಂದೆ. ಅವರು ಪೇಪರು ಬಿಡಿಸಿಕೊಂಡು ಕೂತರು.

ನಾನು ಬಿಟ್ಟ ಮೇಲೆ ಅಂಗಡಿಗೆ ಹೊಸಬರು ಸೇರಿದ್ದಾರಂತೆ. ಅವರಿಗೆಂದು ಇದನ್ನು ಬರೆಯುತ್ತಿದ್ದೇನೆ. ಸಂಬಳ ಯಾವಾಗ ಏರಿತು, ಕೌಂಟರಿನ ಹಿರಿಯಳು ಯಾವಾಗ ಆದೆ ಎಂಬುದನ್ನೆಲ್ಲ ಬಿಡುತ್ತೇನೆ. ಅದರಿಂದ ಯಾರ ರವಿಕೆಯೂ ಹೊಂದುವುದಿಲ್ಲ. ತಪ್ಪುಗಳನ್ನು ಹೇಳುತ್ತೇನೆ. ನಮ್ಮ ಅಂಗಡಿಯ ಚರಿತ್ರೆ ಇರುವುದೇ ತಪ್ಪುಗಳಲ್ಲಿ. ಮುಚ್ಚಿಹೋಗಬೇಕಿದ್ದ ಆ ಅಂಗಡಿ ಇವತ್ತೂ ಬಾಗಿಲು ತೆರೆಯುತ್ತಿರುವುದು ನನ್ನದೊಂದು ತಪ್ಪಿನಿಂದ. ಇದನ್ನು ನಾಚಿಕೆಯಿಂದ ಹೇಳುತ್ತಿಲ್ಲ, ಜಂಬದಿಂದಲೇ ಹೇಳುತ್ತಿದ್ದೇನೆ.

ಅಂಗಡಿ ಕಟ್ಟಿದವರು ಸಂಗಪ್ಪ ಸಾಹುಕಾರರು. ಊರು ಗುಳೇದಗುಡ್ಡ. ರವಿಕೆಗೆಂದೇ ಸಣ್ಣ ಹೂವಿನ ಬುಟ್ಟಾ ಹಾಕಿ ನೇಯುವ ಖಣ ಅಲ್ಲಿನ ಕಸುಬು. ಮರಾಠಿ ಹೆಂಗಸರಿಗೆ ಖಣ ಎಂದರೆ ಪ್ರಾಣ. ಸಾಹುಕಾರರು ಪ್ರಾಯದಲ್ಲಿ ಒಂದು ಗಂಟು ಖಣ ಹೆಗಲಿಗೆ ಹಾಕಿಕೊಂಡು ಬಂದು ಕಲ್ಯಾಣದ ಬಜಾರಿನಲ್ಲಿ ಕೂತು ಮಾರಿದರು, ಆಮೇಲೆ ಡೊಂಬಿವಲಿಯಲ್ಲಿ ಅಂಗಡಿ ಹಾಕಿದರು. ನಾನು ಉಡುಪಿ ಕಡೆಯವಳು, ಮನೆ ಎರಡು ಸ್ಟೇಷನ್ ಆಚೆಯ ದಿವಾದಲ್ಲಿ, ಗಂಡ ಎಂಐಡಿಸಿ ಎನ್ನುವ ಕಾರ್ಖಾನೆ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಫಿಟ್ಟರ್. ಕೆಲಸ ಕೇಳಲು ಹೋದಾಗ ಸಾಹುಕಾರರ ಕನ್ನಡ ನನಗೆ ಅರ್ಧ ತಿಳಿಯಲಿಲ್ಲ, ನನ್ನದು ಅವರಿಗೆ ಪೂರ್ತಿ ತಿಳಿಯಲಿಲ್ಲ. ಆದರೂ ಕೆಲಸ ಸಿಕ್ಕಿತು.

ಮೊದಲ ತಿಂಗಳು ಅವರು ನನ್ನ ಕೈಗೆ ಒಂದೇ ಒಂದು ಕಪಾಟು ಕೊಟ್ಟರು. ಅದರಲ್ಲಿ ಇದ್ದದ್ದೆಲ್ಲ ಕಪ್ಪು ಬಟ್ಟೆ.

"ಎಷ್ಟ್ ಥರದ ಕಪ್ಪು ಅದಾವು, ಹೇಳವಾ," ಎಂದರು.

"ಎಲ್ಲ ಒಂದೇ ಅಲ್ವಾ?"

"ಏಳು ಅದಾವು. ಏಳೂ ಕಾಣೂತನಕ ಬ್ಯಾರೆ ಬಣ್ಣಕ್ಕ ಕೈ ಹಚ್ಚಬ್ಯಾಡ."

ನೀಲಿ ಬೆರೆತ ಕಪ್ಪು, ಕಂದು ಮಿಶ್ರದ್ದು, ಒಗೆದ ಮೇಲೆ ಬೂದಿಯಾಗುವುದು, ಹೀಗೆ ಐದು ಕಂಡುಹಿಡಿಯಲು ಹದಿನೆಂಟು ದಿನ ಬೇಕಾಯಿತು. ಉಳಿದೆರಡು ಕಂಡದ್ದು ತಿಂಗಳ ಕೊನೆಗೆ. ಬಣ್ಣ ನೋಡುವುದಕ್ಕೂ ಅವರದೊಂದು ಪದ್ಧತಿ ಇತ್ತು. ಒಂದೇ ಸಮನೆ ಕೆಂಪು ನೋಡಿದ ಕಣ್ಣು ಮುಂದಿನದನ್ನು ಸರಿಯಾಗಿ ಹೇಳುವುದಿಲ್ಲ. ಅದಕ್ಕೆ ಕೌಂಟರಿನ ಮೇಲೆ ಯಾವಾಗಲೂ ಒಂದು ಮೊಳ ಕೋರಾ ಬಟ್ಟೆ, ಅಂದರೆ ಬಣ್ಣ ಹಾಕದ, ಬಿಳಿಮಾಡದ ಬಟ್ಟೆ ಇರುತ್ತಿತ್ತು. ಅದನ್ನು ಒಂದು ನಿಮಿಷ ನೋಡಿ ಕಣ್ಣು ತಣಿಸಿಕೊಂಡು ಮುಂದಿನ ಬಣ್ಣ ನೋಡಬೇಕು. ಎರಡನೆಯದು ಮೆಟ್ಟಿಲು. ಒಳಗೆ ಎಷ್ಟೇ ಹೊಂದಿದಂತೆ ಕಂಡರೂ ಸೀರೆ ಮತ್ತು ಬಟ್ಟೆ ಎರಡನ್ನೂ ಅಂಗಡಿಯ ಹೊರಗಿನ ಮೆಟ್ಟಿಲಿಗೆ ಒಯ್ದು ಹಗಲಿನ ಬೆಳಕಿನಲ್ಲಿ ಹಿಡಿಯಬೇಕು. ಅಲ್ಲಿ ಹೊಂದಿದರೆ ಮಾತ್ರ ಕತ್ತರಿ.

ಇನ್ನು ಪುಸ್ತಕ. ಕೆಂಪು ಬಟ್ಟೆಯ ರಟ್ಟಿನ, ಕಿರ್ದಿ ಬರೆಯುವಂಥ ಉದ್ದನೆಯ ಪುಸ್ತಕ. ಆದರೆ ಲೆಕ್ಕ ಒಂದು ಸಾಲೂ ಇರಲಿಲ್ಲ. ಮೇಲೆ ಸಾಹುಕಾರರ ದಪ್ಪ ಅಕ್ಷರದಲ್ಲಿ "ನಮ್ಮ ಮನಿತನದ ಬಟ್ಟಿ ವ್ಯಾಪಾರದ ಚರಿತ್ರಿ" ಎಂದಿತ್ತು. ಒಳಗೆ ಅಜ್ಜ ಮುತ್ತಜ್ಜರ ಮಗ್ಗದ ಕಥೆ ಇರುತ್ತದೆ ಎಂದು ತೆರೆದರೆ ಮೊದಲ ಸಾಲೇ ಹೀಗೆ: "ಕಲ್ಯಾಣದ ಬಜಾರದಾಗ ಮೊದಲ ದಿನ ಬಣ್ಣ ಹೋಗಂಗಿಲ್ಲ ಅಂತ ಹೇಳಿ ಒಂದು ಖಣ ಮಾರಿದೆ. ನೀರಾಗ ಹಾಕಿ ನೋಡಿರಲಿಲ್ಲ. ಬಣ್ಣ ಹೋತು. ಆ ತಾಯಿ ಬಿಳಿ ಸೀರಿ ಹಾಳಾತು." ಪಕ್ಕದಲ್ಲಿ ಆ ಖಣದ ಬೆರಳಗಲದ ತುಂಡು, ತುಕ್ಕು ಹಿಡಿದ ಪಿನ್ನಿನಲ್ಲಿ.

ಪುಟದ ಮೇಲೆ ಪುಟ ಅದೇ ರೀತಿ. ತಪ್ಪು ಹೊಂದಿಸಿ ಕಳಿಸಿದವರು ತಮ್ಮ ಕೈಯಿಂದಲೇ ಅದನ್ನು ಬರೆದು, ಬಟ್ಟೆಯ ತುಂಡು ಚುಚ್ಚಿ, ಕೆಳಗೆ ಹೆಸರು ಹಾಕಬೇಕು. ಬೇರೆಯವರಿಂದ ಬರೆಸುವಂತಿಲ್ಲ. ಅತಿ ಹೆಚ್ಚು ಸಲ ಇದ್ದದ್ದು ಸಾಹುಕಾರರದೇ ಹೆಸರು. ಒಳ್ಳೆಯ ಕೆಲಸ ಯಾಕೆ ಬರೆಯುವುದಿಲ್ಲ ಎಂದು ಒಮ್ಮೆ ಕೇಳಿದೆ.

"ಅದನ್ನ ಯಾಕ ಬರೀಬೇಕು? ಅದು ಗಿರಾಕಿ ಮೈಮ್ಯಾಲ ಇರತೈತಿ, ನಾಕ್ ಮಂದಿ ನೋಡತಾರ. ತಪ್ಪಷ್ಟ ಮನ್ಯಾಗ ಉಳಿತೈತಿ. ಉಳಿದದ್ದನ್ನ ಬರೀಬೇಕು."

ಗಿರಾಕಿಗಳ ಕಥೆ ಹೇಳಹೊರಟರೆ ಮುಗಿಯುವುದಿಲ್ಲ. ಒಂದನ್ನು ಮಾತ್ರ ಹೇಳುತ್ತೇನೆ. ಎಂಐಡಿಸಿ ಕಾಲೋನಿಯ ಒಬ್ಬ ಬ್ಯಾಂಕ್ ಆಫೀಸರರಿಗೆ ಹೆಂಡತಿ ಈರುಳ್ಳಿ ಬಣ್ಣದ ರವಿಕೆ ಬಟ್ಟೆ ತರಲು ಹೇಳಿದ್ದರು. ಸೀರೆ ಹೊತ್ತು ತರಲು ನಾಚಿಕೆಯಾಗಿ, ಮಾದರಿಗೆಂದು ಈರುಳ್ಳಿಯನ್ನೇ ತಂದಿದ್ದರು. ಆಫೀಸಿನ ಬ್ಯಾಗು ಗಲೀಜಾಗಬಾರದೆಂದು ಅದರ ಸಿಪ್ಪೆಯನ್ನು ಮನೆಯಲ್ಲೇ ಚೊಕ್ಕಟವಾಗಿ ಸುಲಿದು ಬಂದಿದ್ದರು. ಆ ಬಿಳಿ ಗೆಡ್ಡೆಯನ್ನು ಕೌಂಟರಿನ ಮೇಲಿಟ್ಟು ಇದೇ ಬಣ್ಣ ಬೇಕು ಎಂದರು. ನಾನು ನಗಲಿಲ್ಲ. ಮೆಟ್ಟಿಲಿಗೆ ಒಯ್ದು ನೋಡಿದೆ, ಪಕ್ಕದ ತರಕಾರಿಯವನ ಬುಟ್ಟಿಯಿಂದ ಒಂದು ಸಿಪ್ಪೆ ತಂದೆ, ಅದಕ್ಕೆ ಹೊಂದಿಸಿ ಕಳಿಸಿದೆ. ಅವರ ಹೆಂಡತಿ ಆಮೇಲೆ ಇಪ್ಪತ್ತು ವರ್ಷ ನಮ್ಮ ಗಿರಾಕಿ. ಗಿರಾಕಿ ಏನು ತಂದರೂ ಮೊದಲು ಬೆಳಕಿಗೆ ಹಿಡಿಯಿರಿ, ಆಮೇಲೆ ಬೇಕಾದರೆ ಒಳಗೆ ಹೋಗಿ ನಗಿ.

ಕಷ್ಟ ಬರುತ್ತಿದ್ದದ್ದು ಸಂಜೆ. ಫೋರ್ಟ್, ದಾದರ್ ಕಡೆ ಆಫೀಸಿಗೆ ಹೋಗುವ ಹೆಂಗಸರು ಫಾಸ್ಟ್ ಟ್ರೇನಿನಿಂದ ಇಳಿದು ಬರುವ ಹೊತ್ತಿಗೆ ಹೊರಗೆ ಬೆಳಕಿರುವುದಿಲ್ಲ. ಒಳಗಿನ ಟ್ಯೂಬ್‌ಲೈಟಿನಲ್ಲಿ ಕಡುನೀಲಿ, ಕಪ್ಪು, ಕಡುಹಸಿರು ಎಲ್ಲ ಒಂದೇ ತಾಯಿಯ ಮಕ್ಕಳು. "ನಾಳೆ ಹಗಲು ಬನ್ನಿ" ಎಂದರೆ ಬೈಯುತ್ತಾರೆ. ಬೈಸಿಕೊಳ್ಳಿ. ನಾನು ಬೈಸಿಕೊಂಡಿದ್ದೇನೆ, ಮರಾಠಿ, ಹಿಂದಿ, ಗುಜರಾತಿ ಮೂರರಲ್ಲೂ.

ಇಷ್ಟೆಲ್ಲ ಉಪದೇಶ ಮಾಡುವ ನಾನೇ ಟ್ಯೂಬ್‌ಲೈಟಿಗೆ ಬಲಿಯಾದೆ. ಆಗ ಕೆಲಸಕ್ಕೆ ಸೇರಿ ಆರು ವರ್ಷ. ನನ್ನ ಕಣ್ಣಿನ ಮೇಲೆ ನನಗೆ ವಿಪರೀತ ಭರವಸೆ. ಗುಳೇದಗುಡ್ಡದ ನೇಕಾರ ಈರಣ್ಣನಿಗೆ ನಲವತ್ತು ಖಣದ ಆರ್ಡರ್ ಕಳಿಸಬೇಕಿತ್ತು. ಖಣದಲ್ಲಿ ಉದ್ದದ ನೂಲು ಒಂದು ಬಣ್ಣ, ಅಡ್ಡದ ನೂಲು ಇನ್ನೊಂದು ಬಣ್ಣ. ಹಾಸು, ಹೊಕ್ಕು ಎನ್ನುತ್ತಾರೆ. ಎರಡೂ ಸೇರಿ ಮೂರನೆಯದೊಂದು ಬಣ್ಣ ಹುಟ್ಟುತ್ತದೆ. ಆ ಆರ್ಡರಿನಲ್ಲಿ ಹಾಸು ಕೆಂಪು, ಹೊಕ್ಕು ಕಪ್ಪು. ಊರಿನ ಬಸ್ಸಿಗೆ ಪಾರ್ಸೆಲ್ ಕೊಡುವ ಸಮಯ ಆಗಿಬಿಟ್ಟಿತ್ತು, ಹೊರಗೆ ಕತ್ತಲು ಕವಿಯುತ್ತಿತ್ತು. ಟ್ಯೂಬ್‌ಲೈಟಿನ ಕೆಳಗೇ ನೂಲಿನ ಮಾದರಿಗಳನ್ನು ಆರಿಸಿ ಚೀಟಿಗೆ ಅಂಟಿಸಿ ಕಳಿಸಿದೆ. ಏಳು ಕಪ್ಪು ಬಲ್ಲವಳು ಅಂಟಿಸಿದ್ದು ಕಪ್ಪನ್ನಲ್ಲ, ಕಡುಹಸಿರನ್ನು.

ಈರಣ್ಣ ಚೀಟಿಯಲ್ಲಿ ಇದ್ದಂತೆಯೇ ನೇಯ್ದು ಕಳಿಸಿದ. ಗಂಟು ಬಿಚ್ಚಿದರೆ ನಲವತ್ತೂ ಖಣ ಇಟ್ಟಿಗೆ ನೆನೆಸಿದ ನೀರಿನ ಬಣ್ಣ. ಸಾಹುಕಾರರು ಪುಸ್ತಕ, ಪೆನ್ನು ತಂದು ನನ್ನ ಮುಂದಿಟ್ಟರು. ನನಗೆ ಅಳುವಿಗಿಂತ ಸಿಟ್ಟು ಹೆಚ್ಚು ಬಂತು. ಬರೆದೆ: "ಸಂಜೆ ಟ್ಯೂಬ್‌ಲೈಟಿನಲ್ಲಿ ನೂಲು ಆರಿಸಿದೆ. ಕಪ್ಪು ಅಂದುಕೊಂಡದ್ದು ಹಸಿರು. ಹಾಸು ಕೆಂಪು, ಹೊಕ್ಕು ಹಸಿರು. ನಲವತ್ತು ಖಣ ಹಾಳು. ಜಯಂತಿ." ಸಿಟ್ಟಿನಲ್ಲಿ ತುಂಡನ್ನೂ ಅಂಗೈಯಗಲ ಕತ್ತರಿಸಿ ಚುಚ್ಚಿದೆ. ಆ ಸಿಟ್ಟು ಮುಂದೆ ಎಷ್ಟು ಉಪಯೋಗಕ್ಕೆ ಬಂತೆಂದು ನೋಡುವಿರಂತೆ.

ಆ ಖಣಗಳು ಕೆಳಗಿನ ಕಪಾಟಿನಲ್ಲಿ ಎಂಟು ತಿಂಗಳು ಬಿದ್ದಿದ್ದವು. ಡೊಂಬಿವಲಿಯಲ್ಲಿ ಪಾಡ್ವಾದ ಬೆಳಿಗ್ಗೆ, ನಮ್ಮ ಯುಗಾದಿಯ ದಿನವೇ, ದೊಡ್ಡ ಮೆರವಣಿಗೆ ಹೊರಡುತ್ತದಲ್ಲ, ಅದರಲ್ಲಿ ಲೇಜಿಮ್ ಆಡಲು ವೈಶಾಲಿ ಎನ್ನುವ ಶಾಲೆಯ ಟೀಚರು ಹೊಸದಾಗಿ ಒಂದು ಹೆಂಗಸರ ಗುಂಪು ಕಟ್ಟಿದ್ದರು. ಎಲ್ಲರಿಗೂ ಒಂದೇ ಬಣ್ಣದ ಖಣ ಬೇಕೆಂದು ಬಂದರು. ಅಷ್ಟು ಸಂಖ್ಯೆಯಲ್ಲಿ ಇದ್ದದ್ದು ಅದೊಂದೇ. ಒಳಗೆ ತೋರಿಸಿದರೆ ಮೂಗು ಮುರಿದರು. ನಾನು ಅಭ್ಯಾಸಬಲದಿಂದ ಒಂದನ್ನು ಮೆಟ್ಟಿಲಿಗೆ ಒಯ್ದು ಬಿಸಿಲಿಗೆ ಬಿಡಿಸಿದೆ. ಆ ತನಕ ಅದನ್ನು ಬಿಸಿಲಿಗೆ ಹಿಡಿಯುವ ಮನಸ್ಸೇ ನನಗೆ ಬಂದಿರಲಿಲ್ಲ. ಕೈಯಲ್ಲಿದ್ದದ್ದು ಮಾವಿನ ಚಿಗುರು. ಹೀಗೆ ಹಿಡಿದರೆ ತಾಮ್ರ, ಸ್ವಲ್ಪ ತಿರುಗಿಸಿದರೆ ಎಳೆಹಸಿರು.

"ಅರೇ, ಹೇ ಕುಠೇ ಲಪವಲಂ ಹೋತಂ?" ಎಂದರು ವೈಶಾಲಿ. ಇದನ್ನು ಎಲ್ಲಿ ಬಚ್ಚಿಟ್ಟಿದ್ದಿರಿ ಎಂದು.

ನಲವತ್ತೂ ಹೋದವು. ಆ ಪುಟದ ಸಾಲು ಹೊಡೆದುಹಾಕಲೇ ಎಂದು ಸಾಹುಕಾರರನ್ನು ಕೇಳಿದೆ.

"ಮಾರಾಟಾತು ಅಂದ್ರ ತಪ್ಪು ಸರಿ ಆಗೂದಿಲ್ಲ. ಇರ್ಲಿ ಬಿಡು," ಎಂದರು.

ಸಾಹುಕಾರರು ತೀರಿಕೊಂಡು ಆರು ವರ್ಷವಾಯಿತು. ಅವರು ಇಲ್ಲದ ಕೌಂಟರಿನಲ್ಲಿ ನಿಲ್ಲುವುದು ನನಗೆ ಬಹಳ ದಿನ ಆಗಲಿಲ್ಲ. ಅಂಗಡಿ ಮಗ ವಿಜಯನ ಕೈಗೆ ಬಂತು. ಒಳ್ಳೆಯವರು, ಚುರುಕು. ಓದಿದ್ದು ಮರಾಠಿ ಶಾಲೆಯಲ್ಲಿ; ಕನ್ನಡ ಮಾತಾಡುತ್ತಾರೆ, ಓದಲು ಬರೆಯಲು ಬಾರದು. ಆ ಹೊತ್ತಿಗೆ ಕೆಲಸದ ರೀತಿಯೇ ಬದಲಾಗಿತ್ತು. ಗಿರಾಕಿಗಳು ಸೀರೆಯ ಫೋಟೋ ಕಳಿಸುತ್ತಾರೆ, ನಾವು ಬಟ್ಟೆಯ ಫೋಟೋ ಕಳಿಸುತ್ತೇವೆ, ಎರಡು ಫೋನು ಸೇರಿ ಸುಳ್ಳು ಹೇಳುತ್ತವೆ. ಎಲ್ಲಕ್ಕೂ ಆಗುವ ಜಗ್ಗುವ ರೆಡಿಮೇಡ್ ರವಿಕೆ ಬಂತು. ವಿಜಯ ಖಾರ್ಘರಿನಲ್ಲಿ ಶೋರೂಮ್ ತೆರೆದರು. ಒಂದು ದಿನ ನನ್ನನ್ನು ಕೂರಿಸಿ ಹೇಳಿದರು:

"ಜಯಂತಕ್ಕಾ, ಸಿಟ್ಟ್ ಮಾಡ್ಕೋಬ್ಯಾಡ್ರಿ. ಇಲ್ಲಿ ಧಂದಾ ಉಳಿದಿಲ್ಲ. ಪಾಡ್ವಾ ಆದಮ್ಯಾಲ ಈ ಅಂಗಡಿ ಬಂದ್ ಮಾಡಿ ಭಾಡ್ಯಾಕ ಕೊಡ್ತೀನಿ. ಮೆಡಿಕಲ್‌ನವ್ರು ರೆಡಿ ಅದಾರ."

ನನಗೆ ಹೇಗಿದ್ದರೂ ಆ ವರ್ಷ ನಿವೃತ್ತಿ. ಆದರೆ ನಾನು ಹೋಗುವುದು ಬೇರೆ, ಆ ಮೆಟ್ಟಿಲು ಹೋಗುವುದು ಬೇರೆ. ವಿಜಯ ಸಮಾಧಾನಕ್ಕೆಂದು, ಅಪ್ಪನ ಪುಸ್ತಕದ ಮೊದಲ ಪುಟಕ್ಕೆ ಫ್ರೇಮ್ ಹಾಕಿಸಿ ಶೋರೂಮಿನ ಗೋಡೆಗೆ ತೂಗುಹಾಕುತ್ತೇನೆ ಎಂದರು. ಅದರಲ್ಲಿ ಏನಿದೆ ಗೊತ್ತುಂಟಾ ಎಂದು ಕೇಳಿ, ಓದಿ ಹೇಳಿದೆ.

"ಪೆಹಲೇ ಲೈನ್‌ನಾಗ ಗಲತಿ?" ಅವರ ಮುಖ ಇಳಿಯಿತು. "ಗಿರಾಕಿ ಓದಿದ್ರ? ಬ್ಯಾಡ, ಬ್ಯಾಡ. ನಾ ಬ್ಯಾರೆ ಬೋರ್ಡ್ ಛಪಾಯಿ ಮಾಡಿಸ್ತೀನಿ. ಪರಂಪರಾ, ವಿಶ್ವಾಸ, ಅಂತಾದ್ದು."

"ಹಾಗಾದ್ರೆ ಈ ಪುಸ್ತಕ?"

"ನೀವ ಇಟ್ಕೋರಿ, ಅಕ್ಕಾ."

ಹಾಗೆ ನಮ್ಮ ಅಂಗಡಿಯ ಚರಿತ್ರೆ ನನ್ನ ಟಿಫಿನ್ ಚೀಲದಲ್ಲಿ ಕೂತು ದಿವಾಕ್ಕೆ ಬಂತು. ಅಲ್ಲಿ ಟ್ರೇನಿನಿಂದ ಇಳಿಯುವ ನೂಕಾಟದಲ್ಲಿ ಅದನ್ನು ಎದೆಗೆ ಅವುಚಿಕೊಂಡದ್ದು ಈಗಲೂ ನೆನಪಿದೆ.

ಪಾಡ್ವಾಕ್ಕೆ ಏಳು ವಾರ ಇರುವಾಗ ವೈಶಾಲಿ ಬಂದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ನಲವತ್ತು ಜನರ ಲೇಜಿಮ್ ಗುಂಪು ನೂರ ನಲವತ್ತಕ್ಕೆ ಬೆಳೆದು, ಇಪ್ಪತ್ತೈದನೆಯ ವರ್ಷದ ಮೆರವಣಿಗೆಗೆ ಎಲ್ಲರಿಗೂ ಮೊದಲ ವರ್ಷದ ಅದೇ ಬಣ್ಣ ಬೇಕಂತೆ. ಕೈಯಲ್ಲಿ ಆಗಿನ ಒಂದು ರವಿಕೆ, ತೊಳೆದು ತೊಳೆದು ಮಣ್ಣಿನ ಬಣ್ಣಕ್ಕೆ ಬಂದದ್ದು. ಠಾಣೆ, ದಾದರ್, ವಾಶಿ ಎಲ್ಲ ಅಲೆದಿದ್ದರು. ಎಲ್ಲರೂ ಅದನ್ನು ನೋಡಿ ಮಣ್ಣಿನ ಬಣ್ಣವನ್ನೇ ಹೊಂದಿಸಿ ಕೊಟ್ಟಿದ್ದರು. ವಿಜಯನೂ ಫೋನಿನಲ್ಲಿ ಫೋಟೋ ತೆಗೆದು, ಪ್ರಿಂಟ್ ಮಾಡಿಸೋಣ ಎಂದರು. ಫೋಟೋದಲ್ಲಿಯೂ ಮಣ್ಣೇ ಬಂತು.

"ಅದು ಯಾವ ಕ್ಯಾಟಲಾಗಿನಲ್ಲೂ ಸಿಗುವುದಿಲ್ಲ ಮಾರಾಯ್ರೆ," ಎಂದೆ. "ಅದು ನನ್ನ ತಪ್ಪು."

ಮರುದಿನ ಬೆಳಿಗ್ಗೆ ಪುಸ್ತಕ ತಂದು ಆ ಪುಟ ತೆರೆದೆ. ಇಪ್ಪತ್ತೈದು ವರ್ಷ ಮುಚ್ಚಿಕೊಂಡಿದ್ದ ಅಂಗೈಯಗಲದ ತುಂಡು ನಿನ್ನೆ ನೇಯ್ದಂತಿತ್ತು. ಮೆಟ್ಟಿಲಿನ ಬಿಸಿಲಿಗೆ ಹಿಡಿದಾಗ ವೈಶಾಲಿ ನನ್ನ ಕೈ ಹಿಡಿದುಕೊಂಡರು. ವಿಜಯ ತುಂಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದನ್ನ ಯಾರ್ ನೇಯ್ತಾರಕ್ಕಾ ಈಗ?"

"ನೇಯಿಸಿ ಕೊಟ್ಟರೆ ಅಂಗಡಿ ಉಳಿಸ್ತೀರಾ?"

"ಮೊದಲ ಆಗ್ಲಿ. ಆಮ್ಯಾಲ ನೋಡೂಣು."

ಅಷ್ಟು ಸಾಕಿತ್ತು ನನಗೆ. ಈರಣ್ಣನಿಗೆ ಫೋನು ಹಚ್ಚಿದೆ. ಅವನಿಗೆ ಕಣ್ಣು ಮಂದವಾಗಿ, ಈಗ ಸೊಸೆ ಶಾಂತವ್ವ ಮಗ್ಗಕ್ಕೆ ಕೂರುತ್ತಾಳಂತೆ. ಹಾಸು ಕೆಂಪು, ಹೊಕ್ಕು ಕಡುಹಸಿರು ಎಂದು ಬಾಯಲ್ಲಿ ಹೇಳಿದೆ. ಹತ್ತು ದಿನಕ್ಕೆ ಮಾದರಿ ಬಂತು. ಬೆಳಿಗ್ಗೆ ಹತ್ತು ಗಂಟೆಗೆ ಮೆಟ್ಟಿಲಿನಲ್ಲಿ ಎರಡನ್ನೂ ಪಕ್ಕಪಕ್ಕ ಹಿಡಿದೆ. ಆಗಲಿಲ್ಲ. ಈಗಿನ ಹಸಿರು ಗಿಳಿಯಂತೆ ಕಿರುಚುತ್ತಿತ್ತು. ಫೋನಿನಲ್ಲಿ ಶಾಂತವ್ವ ಖಂಡಿತವಾಗಿ ಹೇಳಿದಳು:

"ಬಾಯಿಲೆ ಹೇಳಿದ್ರ ಬಣ್ಣ ಬರೂದಿಲ್ರೀ ಅಕ್ಕಾರ. ಹಳೀ ತುಂಡು ಕಳಸ್ರಿ. ಎಳಿ ಬಿಚ್ಚಿ ನೋಡ್ಬೇಕು."

ಇದ್ದದ್ದು ಒಂದೇ ತುಂಡು. ಪಾರ್ಸೆಲಿನಲ್ಲಿ ಕಳೆದರೆ ಬಣ್ಣವೂ ಹೋಯಿತು, ಅಂಗಡಿಯೂ ಹೋಯಿತು. ಸಿಟ್ಟಿನಲ್ಲಿ ದೊಡ್ಡದಾಗಿ ಕತ್ತರಿಸಿದ್ದರಿಂದ ಅರ್ಧ ಮಾಡಲು ಬಂತು. ಎರಡು ಸಲ ಅಳೆದು ಕತ್ತರಿಸಿದೆ. ಅರ್ಧ ಪುಸ್ತಕದಲ್ಲಿ ಉಳಿಯಿತು. ಇನ್ನರ್ಧವನ್ನು ಕವರಿಗೆ ಹಾಕುತ್ತಿದ್ದೆ, ವಿಜಯ ಕೈ ಚಾಚಿದರು.

"ಕೊಡ್ರಿ. ನಾನ ಹೋಗ್ತೀನಿ."

ಅಂಗಿಯ ಮೇಲಿನ ಕಿಸೆಯಲ್ಲಿ ಇಟ್ಟುಕೊಂಡು ಕಲ್ಯಾಣಕ್ಕೆ ಹೋಗಿ ಟ್ರೇನು ಹತ್ತಿದರು. ಮೂರನೆಯ ದಿನ ಗುಳೇದಗುಡ್ಡದಿಂದ ಫೋನು.

"ಅಕ್ಕಾ, ಈಕಿ ನನ್ನ ಅಂಗಳದಾಗ ಬಿಸಿಲಾಗ ಕುಂದ್ರಿಸ್ಯಾಳ. ನೂಲು ಬಣ್ಣದಿಂದ ತಗದಾಗೊಮ್ಮಿ ನೋಡ್ ಅಂತಾಳ. ಹನ್ನೊಂದು ಹಸಿರು ಆದುವು."

"ಕೋರಾ ಬಟ್ಟೆ ನೋಡ್ತಾ ಇದ್ದೀರಾ ನಡುವೆ?"

"ಅಪ್ಪಾ ಹೇಳ್ತಿದ್ರು," ಎಂದರು.

ಆರನೆಯ ದಿನ ಹೊಸ ಮಾದರಿ ಹಿಡಿದು ಬಂದರು. ಮುಖ ಸುಟ್ಟು ಕಪ್ಪಾಗಿತ್ತು, ಏಳರಲ್ಲಿ ಯಾವ ಕಪ್ಪೆಂದು ನಾನು ಹೇಳಲಿಲ್ಲ. ಮೆಟ್ಟಿಲಿಗೆ ನಡೆದೆವು. ನಾನು ಕೋರಾ ಬಟ್ಟೆ ನೋಡಿ ಕಣ್ಣು ತಣಿಸಿಕೊಂಡೆ. ವಿಜಯ ಹಳೆಯ ತುಂಡು, ಹೊಸ ತುಂಡು ಎರಡನ್ನೂ ಒಂದೇ ಅಳತೆಗೆ ಮಡಚಿ ನನ್ನ ಅಂಗೈಗಿಟ್ಟರು. ಹಳೆಯದು ಯಾವುದು, ಹೊಸದು ಯಾವುದು ಎಂದು ನನಗೆ ಹೇಳಲಾಗಲಿಲ್ಲ. ಸೋತು ಇಷ್ಟು ಸಂತೋಷಪಟ್ಟದ್ದು ನನ್ನ ಜೀವನದಲ್ಲಿ ಅದೊಂದೇ ಸಲ.

ಶಾಂತವ್ವ ಮತ್ತು ಅವಳ ಓಣಿಯ ಇನ್ನೂ ಮೂರು ಮಗ್ಗ ಸೇರಿ ನೂರ ನಲವತ್ತು ಖಣ ಮುಗಿಸಿದರು. ಹೊಲಿಗೆಯೂ ಆಯಿತು. ಪಾಡ್ವಾದ ಬೆಳಿಗ್ಗೆ ನಾನು ಮನೆಯಲ್ಲಿ ಬೇವುಬೆಲ್ಲ ತಿಂದು ಮೊದಲ ಲೋಕಲಿಗೇ ಬಂದು ಮೆಟ್ಟಿಲಿನ ಮೇಲೆ ನಿಂತೆ. ಪಕ್ಕದಲ್ಲಿ ವಿಜಯ. ಡೋಲು ತಾಶೆಯ ಹಿಂದೆ ಗುಂಪು ಬಂತು. ನಮ್ಮ ರಸ್ತೆಯ ಮೊದಲ ಅರ್ಧ ಕಟ್ಟಡಗಳ ನೆರಳು. ಅಲ್ಲಿ ಅವರು ಮಣ್ಣಿನ ಬಣ್ಣದ ರವಿಕೆ ತೊಟ್ಟ ಹೆಂಗಸರು, ಅಷ್ಟೆ. ಅಂಗಡಿಯ ಎದುರು ಬಿಸಿಲು ಶುರು. ಮೊದಲ ಸಾಲು ನೆರಳು ದಾಟಿ ಲೇಜಿಮ್ ಎತ್ತಿತು, ಎತ್ತಿದ ತೋಳುಗಳೆಲ್ಲ ತಾಮ್ರವಾದವು, ಇಳಿಸಿದಾಗ ಹಸಿರಾದವು. ಸಾಲಿನ ಹಿಂದೆ ಸಾಲು. ಬಾಲ್ಕನಿಗಳಲ್ಲಿ ನಿಂತವರು ಕೂಗಿದರು. ವೈಶಾಲಿ ನನ್ನ ಕಡೆ ಕೈಯೆತ್ತಿ ತೋರಿಸಿ ಏನೋ ಹೇಳಿದರು, ಡೋಲಿನಲ್ಲಿ ಕೇಳಲಿಲ್ಲ, ಆದರೆ ನೂರ ನಲವತ್ತು ಜನ ನನ್ನ ಕಡೆ ತಿರುಗಿದರು. ನಾನು ಅತ್ತೆ, ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳದೆ ಅತ್ತೆ.

ಮೆರವಣಿಗೆ ಹೋದ ಅರ್ಧ ಗಂಟೆಗೆ ಹಬ್ಬದ ದಿನವೂ ಮೆಟ್ಟಿಲ ಮೇಲೆ ಹೆಂಗಸರ ಗುಂಪು. ಎಲ್ಲರದೂ ಒಂದೇ ಕೇಳಿಕೆ, ಆ ಬಣ್ಣ. ಮಧ್ಯಾಹ್ನ ಮೆಡಿಕಲ್‌ನವರು ಫೋನು ಮಾಡಿದರು. ವಿಜಯ ಹೊರಗೆ ಹೋಗಿ ಮಾತಾಡಿ ಬಂದು, ಕೌಂಟರಿನ ಎದುರು ನಿಂತರು.

"ಪುಸ್ತಕ ಎಲ್ಲೈತಿ ಅಕ್ಕಾ? ಒಂದ್ ಬರ್ಕೋರಿ, ನಾ ಹೇಳ್ತೀನಿ."

"ನಾನು ಬರೆಯುವ ಹಾಗಿಲ್ಲ," ಎಂದೆ. "ತಪ್ಪು ಯಾರದೋ ಅವರ ಕೈಯಲ್ಲೇ ಬರೀಬೇಕು. ನಿಮ್ಮ ಅಪ್ಪನ ಕಾನೂನು."

"ನಂಗ ಕನ್ನಡ ಬರೀಲಿಕ್ಕ ಬರೂದಿಲ್ಲಲಾ."

"ಬರುವ ಅಕ್ಷರದಲ್ಲಿ ಬರೀರಿ."

ಪೆನ್ನು ಹಿಡಿದು ಕೂತರು. ಆಮೇಲೆ ಮರಾಠಿ ಅಕ್ಷರಗಳಲ್ಲಿ, ಒಂದೊಂದನ್ನೂ ಬಾಯಲ್ಲಿ ಹೇಳಿಕೊಳ್ಳುತ್ತ, ಅಪ್ಪನ ಕನ್ನಡದಲ್ಲಿ ಬರೆದರು: "ಅಂಗಡಿ ಬಂದ್ ಮಾಡ್ತೀನಿ ಅಂದಿದ್ದೆ. ಟ್ಯೂಬ್‌ಲೈಟಿನಾಗ ನೋಡಿದ್ದೆ. ವಿಜಯ."

ಹೊಸ ಖಣದ ತುಂಡನ್ನು ಅವರೇ ಕತ್ತರಿಸಿದರು. ಪಿನ್ನು ನಾನು ಚುಚ್ಚಿದೆ.